ಕೊಟ್ಟೂರು ಸೀಮೆಯ ನೀರೂ ಊರಾಡಳಿತವೂ

ಒಂದು ಊರಿಗೆ ಕುಡಿಯುವ ನೀರನ್ನು ಒದಗಿಸುವ ಹೊಣೆ ಯಾರದು? ಅರಸನದೇ, ಊರವರದೇ, ದೂರದ ರಾಜಧಾನಿಯಲ್ಲಿರುವ ಇಲಾಖೆಯದೇ, ಅಥವಾ ಊರವರು ತಾವೇ ಆರಿಸಿ ಕಳುಹಿಸಿದ ಪುರಸಭೆಯದೇ? ನಗರವಾಸಿಗಳಾದ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಪರೂಪ. ನಲ್ಲಿಯನ್ನು ತಿರುಗಿಸಿದರೆ ನೀರು ಬರುವುದು. ಬಾರದ ದಿನ ಮಾತ್ರ ಯಾರನ್ನು ದೂರಬೇಕೆಂದು ಯೋಚಿಸುವೆವು. ಆದರೆ ಒಣನಾಡಿನ ಒಂದು ಸಣ್ಣ ಪಟ್ಟಣದ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳ ಚರಿತ್ರೆಯೇ ಆಗಿರುತ್ತದೆ. ಕೊಟ್ಟೂರು ಸೀಮೆಯನ್ನು ನಿದರ್ಶನವಾಗಿ ಇಟ್ಟುಕೊಂಡು ಆ ಉತ್ತರಗಳನ್ನು ಒಂದೊಂದಾಗಿ ಪರಿಶೀಲಿಸಬೇಕೆಂಬುದೇ ಈ ಭಾಷಣದ ಉದ್ದೇಶ.

ಕೊಟ್ಟೂರು ಈಗ ವಿಜಯನಗರ ಜಿಲ್ಲೆಗೆ ಸೇರಿದ ಪಟ್ಟಣ. ಬಹುಕಾಲ ಕೂಡ್ಲಿಗಿ ತಾಲ್ಲೂಕಿನ ಒಂದು ದೊಡ್ಡ ಊರಾಗಿದ್ದು, ಈ ಶತಮಾನದ ಎರಡನೆಯ ದಶಕದಲ್ಲಿ ತಾನೇ ಒಂದು ತಾಲ್ಲೂಕಿನ ಮುಖ್ಯಸ್ಥಳವಾಯಿತು. ಪಶ್ಚಿಮಕ್ಕೆ ಹರಪನಹಳ್ಳಿ, ಪೂರ್ವಕ್ಕೆ ಕೂಡ್ಲಿಗಿ, ಉತ್ತರಕ್ಕೆ ಹಗರಿಬೊಮ್ಮನಹಳ್ಳಿ, ವಾಯವ್ಯಕ್ಕೆ ಹಡಗಲಿ. ಶ್ರೀ ಕೊಟ್ಟೂರೇಶ್ವರರ ಸನ್ನಿಧಿಯಿಂದ ಈ ಊರಿನ ಹೆಸರು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಶಿವರಾತ್ರಿಗೆ ಮುಂಚೆ ನಡೆಯುವ ರಥೋತ್ಸವಕ್ಕೆ ದಾವಣಗೆರೆಯೇ ಮೊದಲಾದ ಊರುಗಳಿಂದ ಜನರು ಕಾಲ್ನಡಿಗೆಯಲ್ಲಿಯೇ ಬರುವರು. ಜೋಳ, ಹತ್ತಿ, ಕಡಲೆಕಾಯಿ ಇಲ್ಲಿನ ಬೆಳೆಗಳು. ಮಲೆನಾಡಿನ ಮಳೆಯ ಮೋಡಗಳು ಪಶ್ಚಿಮದಲ್ಲಿಯೇ ಬರಿದಾಗಿ ಬರುವುದರಿಂದ ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 20ರಿಂದ 25 ಅಂಗುಲ ಮಾತ್ರ; ಅದೂ ನಂಬುವಂತಹುದಲ್ಲ. ಹಡಗಲಿ ಹರಪನಹಳ್ಳಿಗಳ ಅಂಚಿನಲ್ಲಿ ತುಂಗಭದ್ರೆಯು ತುಂಬಿ ಹರಿಯುವಳಾದರೂ ಕೊಟ್ಟೂರು ಕೂಡ್ಲಿಗಿಗಳು ಎತ್ತರದ ಭೂಮಿಯಲ್ಲಿರುವುದರಿಂದ ಆ ನೀರು ತಾನಾಗಿ ಇತ್ತ ಹರಿದು ಬರಲಾರದು. ಹೊಳೆ ಹತ್ತಿರವಿದ್ದೂ ನೀರು ದೂರವಾಗಿರುವ ಸೀಮೆ ಇದು.

ಇಂತಹ ಸೀಮೆಯಲ್ಲಿ ಹಿಂದಿನವರು ಹೇಗೆ ಬಾಳಿದರು? ಕೆರೆಗಳನ್ನು ಕಟ್ಟಿ ಬಾಳಿದರು ಎಂಬುದು ಎಲ್ಲರಿಗೂ ತಿಳಿದ ಉತ್ತರ. ಆದರೆ ಕೆರೆಯನ್ನು ಕಟ್ಟುವುದು ಅರ್ಧ ಕೆಲಸ. ಉಳಿದ ಅರ್ಧ ಕೆಲಸ ಅದನ್ನು ಕಾಯುವುದು. ನಮ್ಮ ಪೂರ್ವಿಕರ ಜಾಣ್ಮೆಯು ಹೆಚ್ಚಾಗಿ ಕಾಣುವುದು ಈ ಎರಡನೆಯ ಅರ್ಧದಲ್ಲಿ. ಕನ್ನಡ ಶಾಸನಗಳನ್ನು ಓದಿದವರಿಗೆ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಮಾತುಗಳು ಪರಿಚಿತವಾಗಿರುತ್ತವೆ. ಕೆರೆಯನ್ನು ಕಟ್ಟಿಸಿದವನಿಗೂ ಅದನ್ನು ನೋಡಿಕೊಳ್ಳುವವನಿಗೂ ಆ ಕೆರೆಯ ಕೆಳಗಿನ ಭೂಮಿಯಲ್ಲಿಯೇ ಒಂದು ಪಾಲನ್ನು ಬಿಟ್ಟುಕೊಡುವ ಪದ್ಧತಿ ಅದು. ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳಲ್ಲಿ ಇದೇ ಮುಂದೆ ‘ದಶಬಂಧ’ವೆಂಬ ಹೆಸರಿನಿಂದ ನಡೆದುಬಂದಿತು. ಗೊತ್ತಾದ ಜಮೀನನ್ನೇ ಬಿಟ್ಟುಕೊಟ್ಟರೆ ಖಂಡ ದಶಬಂಧ; ಕೆರೆಯ ಕೆಳಗಿನ ಕಂದಾಯದಲ್ಲಿ ಪಾಲನ್ನು ಕೊಟ್ಟರೆ ಶಾಮಿಲಾತ್ ದಶಬಂಧ. ಎರಡರಲ್ಲಿಯೂ ತತ್ತ್ವ ಒಂದೇ: ಕೆರೆಯಲ್ಲಿ ನೀರಿದ್ದರೆ ಕಾಯುವವನಿಗೆ ಅನ್ನ, ಏರಿ ಒಡೆದರೆ ಅವನ ಗದ್ದೆಯೂ ಒಣಗುವುದು. ಮೇಲ್ವಿಚಾರಣೆಯ ಅಧಿಕಾರಿ ಬೇಕಾಗಿರಲಿಲ್ಲ; ಸ್ವಂತ ಹೊಟ್ಟೆಯೇ ಅಧಿಕಾರಿಯಾಗಿದ್ದಿತು.

ಈ ವಿದ್ಯೆಯು ಎಷ್ಟು ಬಲಿತಿದ್ದಿತೆಂಬುದಕ್ಕೆ ಕಡಪ ಜಿಲ್ಲೆಯ ಪೋರುಮಾಮಿಳ್ಳದ ಶಾಸನವು ಸಾಕ್ಷಿ. ಕ್ರಿ. ಶ. 1369ರಲ್ಲಿ, ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಅಲ್ಲಿ ಕಟ್ಟಿಸಿದ ಕೆರೆಯ ಬಳಿ ಈ ಶಾಸನವಿದೆ. ಒಂದು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ. ನೀರಿನ ಶಾಸ್ತ್ರವನ್ನು ಬಲ್ಲವನಿರಬೇಕು, ನೆಲ ಗಟ್ಟಿಯಾಗಿರಬೇಕು, ಸಿಹಿನೀರಿನ ಹೊಳೆಯಿರಬೇಕು ಎಂಬುವು ಅಂಗಗಳಲ್ಲಿ ಕೆಲವು. ಏರಿಯಿಂದ ನೀರು ಒಸರುವುದು, ನೆಲದಲ್ಲಿ ಸವುಳಿರುವುದು ದೋಷಗಳು. ಈ ದೋಷಗಳ ಪಟ್ಟಿಯಲ್ಲಿಯೇ ಎಂಜಿನಿಯರಿಗಿಂತ ರಾಜನೀತಿಜ್ಞನು ಗಮನಿಸಬೇಕಾದ ಒಂದು ಸಂಗತಿಯುಂಟು: ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ದೋಷವಂತೆ. ಗಡಿಯಲ್ಲಿರುವ ನೀರಿಗೆ ಇಬ್ಬರು ಒಡೆಯರಿದ್ದರೂ ಪೋಷಕನು ಒಬ್ಬನೂ ಇರುವುದಿಲ್ಲ. ಈ ಮಾತನ್ನು ನಾವು ನೆನಪಿನಲ್ಲಿಟ್ಟುಕೊಳ್ಳೋಣ. ಬಳ್ಳಾರಿಯ ಸೀಮೆಗೆ ಅದು ಮುಂದೆ ಅನ್ವಯಿಸಲಿದೆ.

ಅರಸರು ಮಾತ್ರವೇ ಕೆರೆಗಳನ್ನು ಕಟ್ಟಿಸಿದರೆಂದು ತಿಳಿಯಬಾರದು. ಕೊಟ್ಟೂರೇಶ್ವರರೊಡನೆ ಪಂಚಗಣಾಧೀಶ್ವರರಲ್ಲಿ ಒಬ್ಬರೆಂದು ಜನರು ಎಣಿಸುವ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಬರದ ದಿನಗಳಲ್ಲಿ ಜನರನ್ನು ಕೂಡಿಸಿ ಕೆರೆಗಳನ್ನು ಅಗೆಯಿಸಿದರೆಂದು ಆ ಸೀಮೆಯ ಸಂಪ್ರದಾಯವು ಹೇಳುತ್ತದೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಇಂದಿಗೂ ಅವರ ಹೆಸರಿನೊಡನೆ ಸೇರಿಕೊಂಡಿದೆ. ಇದನ್ನು ಐತಿಹ್ಯವೆಂದೇ ಇಟ್ಟುಕೊಂಡರೂ ಅದರಲ್ಲಿ ಅಡಗಿರುವ ಆಡಳಿತದ ತತ್ತ್ವವು ಸಾಮಾನ್ಯವಾದುದಲ್ಲ. ಹಸಿದವನಿಗೆ ಕೂಲಿ, ಊರಿಗೆ ಕೆರೆ, ಎರಡೂ ಒಂದೇ ಗುದ್ದಲಿಯಿಂದ.

1800ರಲ್ಲಿ ನಿಜಾಮನು ಈ ಪ್ರದೇಶವನ್ನು ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಟ್ಟನು. ಆದುದರಿಂದಲೇ ಇದಕ್ಕೆ ದತ್ತಮಂಡಲವೆಂದು ಹೆಸರು. 1807ರವರೆಗೆ ಇಲ್ಲಿ ಮುಖ್ಯ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಸಾಹೇಬನು ಹಳ್ಳಿಹಳ್ಳಿಯನ್ನು ಸುತ್ತಿದ ಅಧಿಕಾರಿ. ಕೆರೆಗೆ ಅನುಕೂಲವಾದ ಜಾಗವೊಂದನ್ನೂ ಇಲ್ಲಿನ ಜನರು ಬಿಟ್ಟಿಲ್ಲ, ಹೊಸ ಕೆರೆಗಳನ್ನು ಕಟ್ಟುವ ಪ್ರಯತ್ನದಿಂದ ಹೆಚ್ಚು ಫಲವಿಲ್ಲ ಎಂಬರ್ಥದ ಅಭಿಪ್ರಾಯವನ್ನು ಆತನು ಬರೆದಿಟ್ಟಿದ್ದಾನೆ. ಹಾಗಾದರೆ ಉಳಿದುದು ಇದ್ದುದನ್ನು ಕಾಯುವ ಕೆಲಸವೇ. ಆದರೆ ಹೊಸ ಆಡಳಿತದ ಗುಣವೇ ಬೇರೆಯಾಗಿದ್ದಿತು. ಕಂದಾಯದ ಲೆಕ್ಕವು ಬಿಗಿಯಾಯಿತು. ದುರಸ್ತಿಯ ಲೆಕ್ಕವು ಸಡಿಲವಾಯಿತು. ಹತ್ತೊಂಬತ್ತನೆಯ ಶತಮಾನದ ನಡುವೆ ಮರಾಮತ್ತು ಇಲಾಖೆಯು ಹುಟ್ಟಿ, ಏರಿ ತೂಬುಗಳ ಯೋಚನೆ ಮದರಾಸಿಗೆ ಹೋಯಿತು. ಹೂಳು ತೆಗೆಯುವುದು, ಕಾಲುವೆಯನ್ನು ಹಸನು ಮಾಡುವುದು ಮುಂತಾದ ರೈತರ ಪೂರ್ವಾಚಾರದ ದುಡಿಮೆಯನ್ನು ‘ಕುಡಿಮರಾಮತ್ತು’ ಎಂದು ಕರೆದು, 1858ರಲ್ಲಿ ಅದನ್ನು ಒತ್ತಾಯದಿಂದ ಮಾಡಿಸಲು ಒಂದು ಕಾನೂನನ್ನೇ ಮಾಡಿದರು. ಊರವರು ತಾವಾಗಿ ಮಾಡುತ್ತಿದ್ದ ಕೆಲಸಕ್ಕೆ ಕಾನೂನಿನ ಬೆದರಿಕೆ ಬೇಕಾಯಿತೆಂದರೆ, ಕೆರೆಗೂ ಊರಿಗೂ ಇದ್ದ ನಂಟು ಅಷ್ಟರಲ್ಲಿಯೇ ಸಡಿಲಿದ್ದಿತೆಂದು ನಾವು ಊಹಿಸಬಹುದು. 1883ರಲ್ಲಿ ಮದರಾಸು ಸರ್ಕಾರದವರು ಕೆರೆಗಳ ಜೀರ್ಣೋದ್ಧಾರದ ಯೋಜನೆಯೊಂದನ್ನು ಕೈಗೊಂಡರೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಅದಕ್ಕೆ ಮುಂಚೆಯೇ ಒಂದು ಮಹಾವಿಪತ್ತು ಬಂದುಹೋಗಿದ್ದಿತು.

ಅದು ಧಾತು ಸಂವತ್ಸರದ ಬರ. 1876ರಲ್ಲಿ ಮಳೆ ಕೈಕೊಟ್ಟು 1878ರವರೆಗೆ ದಕ್ಷಿಣ ದೇಶವನ್ನೆಲ್ಲ ಸುಟ್ಟ ಆ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆಯು ಪಟ್ಟ ಪಾಡು ಘೋರವಾದುದು. 1871ರ ಖಾನೇಷುಮಾರಿಗೂ 1881ರ ಖಾನೇಷುಮಾರಿಗೂ ನಡುವೆ ಜಿಲ್ಲೆಯ ಜನಸಂಖ್ಯೆಯು ಸುಮಾರು ಐದರಲ್ಲೊಂದು ಪಾಲು ಕುಗ್ಗಿತು. ಕ್ಷಾಮದ ಕೆಲಸಗಾರನಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯೂ ಅಲ್ಪ ಸ್ವಲ್ಪ ಕಾಸೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಸಾಹೇಬರೂ, ಅದು ಜೀವ ಹಿಡಿಯಲೂ ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿಯಾದ ಕಾರ್ನಿಷ್ ಸಾಹೇಬರೂ ವಾದಿಸಿದುದು ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಹೊಲಕ್ಕೆ ನೀರಿಲ್ಲದಿದ್ದರೆ ಹಸಿವು. ಕುಡಿಯಲು ಒಳ್ಳೆಯ ನೀರಿಲ್ಲದಿದ್ದರೆ ಕಾಲರಾ. ಕ್ಷಾಮದಲ್ಲಿ ಸತ್ತವರಲ್ಲಿ ಅನ್ನವಿಲ್ಲದೆ ಸತ್ತವರೆಷ್ಟು, ಕೆಟ್ಟ ನೀರು ಕುಡಿದು ಸತ್ತವರೆಷ್ಟು ಎಂದು ಬೇರ್ಪಡಿಸುವುದೇ ಕಷ್ಟ.

ಇಷ್ಟು ಹೊತ್ತಿಗೆ ಊರಾಡಳಿತದ ಹೊಸ ಅಧ್ಯಾಯವು ಆರಂಭವಾಗುತ್ತಲಿದ್ದಿತು. 1871ರಲ್ಲಿ ಮದರಾಸು ಆಧಿಪತ್ಯದಲ್ಲಿ ಸ್ಥಳೀಯ ನಿಧಿಗಳು ಏರ್ಪಟ್ಟವು. 1882ರ ಮೇ 18ರಂದು ಲಾರ್ಡ್ ರಿಪನ್ನರ ನಿರ್ಣಯವು ಹೊರಬಿದ್ದಿತು. ಅದನ್ನು ಅನುಸರಿಸಿ 1884ರಲ್ಲಿ ಪುರಸಭೆಗಳಿಗೆ ಒಂದು, ಲೋಕಲ್ ಬೋರ್ಡುಗಳಿಗೆ ಒಂದು, ಹೀಗೆ ಎರಡು ಕಾನೂನುಗಳು ಹುಟ್ಟಿದವು. ಜಿಲ್ಲೆಗೆ ಜಿಲ್ಲಾ ಬೋರ್ಡು, ತಾಲ್ಲೂಕಿಗೆ ತಾಲ್ಲೂಕು ಬೋರ್ಡು, ದೊಡ್ಡ ಗ್ರಾಮಗಳಿಗೆ ಯೂನಿಯನ್ ಪಂಚಾಯಿತಿ. ಹಳ್ಳಿಯೆನ್ನಲು ದೊಡ್ಡದಾಗಿಯೂ ಪಟ್ಟಣವೆನ್ನಲು ಸಣ್ಣದಾಗಿಯೂ ಇದ್ದ ಊರುಗಳ ಭಾಗ್ಯವು ಈ ಮೂರನೆಯ ಮೆಟ್ಟಿಲಿನೊಡನೆ ಬೆಸೆದುಕೊಂಡಿತು. ಅದರ ಹಣದ ಮೂಲ ಮನೆಗಂದಾಯ. ಅದರ ಕೆಲಸ ಬೀದಿ ಗುಡಿಸುವುದು, ದೀಪ ಹಚ್ಚುವುದು, ಚರಂಡಿ ತೋಡುವುದು, ಬಾವಿಗಳನ್ನು ಶುದ್ಧವಾಗಿಡುವುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಹೊಸ ವ್ಯವಸ್ಥೆಯಲ್ಲಿ ಕುಡಿಯುವ ಬಾವಿಯು ಊರ ಪಂಚಾಯಿತಿಯದು. ಆ ಬಾವಿಗೆ ಒರತೆಯನ್ನು ಕೊಡುವ ಕೆರೆಯು ಸರ್ಕಾರದ ಇಲಾಖೆಯದು. ಕೆರೆ ತುಂಬಿದರೆ ಬಾವಿ ಊಟೆಯೊಡೆಯುವುದೆಂಬುದು ಹಳ್ಳಿಯ ಮಕ್ಕಳಿಗೂ ತಿಳಿದ ಸಂಗತಿ. ನೆಲದ ಒಳಗೆ ಒಂದಾಗಿರುವ ನೀರು ಕಾಗದದ ಮೇಲೆ ಇಬ್ಭಾಗವಾಯಿತು. ಪೋರುಮಾಮಿಳ್ಳದ ಶಾಸನವು ಹೇಳಿದ ಗಡಿಯ ದೋಷವು ಎರಡು ರಾಜ್ಯಗಳ ನಡುವೆ ಇರಬೇಕೆಂಬ ನಿಯಮವಿಲ್ಲ. ಎರಡು ಕಚೇರಿಗಳ ನಡುವೆಯೂ ಇರಬಹುದು.

ಆದರೂ ಈ ಬಡ ಸಂಸ್ಥೆಗಳು ಮಾಡಿದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಜಾತ್ರೆಗಳ ಊರಿಗೆ ನೀರಿನ ಯೋಚನೆಯು ಎರಡು ಪಟ್ಟು. ವರ್ಷವೆಲ್ಲ ಊರವರಿಗೆ ಸಾಲುವ ಬಾವಿಯು ಜಾತ್ರೆಯ ಮೂರು ದಿನ ಪರಸ್ಥಳದ ಜನರಿಂದ ತುಳಿದಾಡಲ್ಪಟ್ಟರೆ, ಅವರು ಹಿಂದಿರುಗುವಾಗ ರೋಗವನ್ನು ಊರೂರಿಗೆ ಹಂಚಿಕೊಂಡು ಹೋಗುವರು. 1890ರ ದಶಕದಲ್ಲಿ ಹ್ಯಾಂಕಿನ್ ಎಂಬ ವಿಜ್ಞಾನಿಯು ಬಾವಿಗಳಿಗೆ ಪೊಟ್ಯಾಸಿಯಂ ಪರ್ಮ್ಯಾಂಗನೇಟನ್ನು ಹಾಕಿ ಕಾಲರಾ ಬೀಜವನ್ನು ಕೊಲ್ಲುವ ಕ್ರಮವನ್ನು ಇಂಡಿಯಾ ದೇಶದಲ್ಲಿ ಬಳಕೆಗೆ ತಂದನು. ನೀರನ್ನು ಕೆಂಪಾಗಿಸುವ ಆ ಔಷಧವನ್ನು ಜನರು ಮೊದಮೊದಲು ಅನುಮಾನದಿಂದ ನೋಡಿದರೂ, ಆರೋಗ್ಯವು ಊರಾಡಳಿತದ ಕರ್ತವ್ಯವೆಂಬ ಭಾವನೆಯು ಹಳ್ಳಿಗಳಲ್ಲಿ ಬೇರೂರಿದುದು ಇಂತಹ ಸಣ್ಣ ಕೆಲಸಗಳಿಂದಲೇ.

ಇನ್ನೊಂದು ರೋಗದ ಕಥೆಯು ಇದಕ್ಕಿಂತಲೂ ಬೋಧಪ್ರದವಾಗಿದೆ. ನಮ್ಮ ಉತ್ತರದ ಒಣಜಿಲ್ಲೆಗಳ ಹಿರಿಯರು ‘ನಾರುಹುಣ್ಣ’ನ್ನು ಮರೆತಿರಲಾರರು. ಮೆಟ್ಟಿಲಬಾವಿಗೆ ಇಳಿದವನ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರಿಗೆ ಬಿದ್ದು, ಅಲ್ಲಿನ ಅತಿ ಸಣ್ಣ ಜಲಕೀಟಗಳ ಹೊಟ್ಟೆಯನ್ನು ಸೇರಿ, ಆ ನೀರನ್ನು ಸೋಸದೆ ಕುಡಿದವನ ಮೈಯಲ್ಲಿ ಬೆಳೆದು, ಸುಮಾರು ವರ್ಷಕ್ಕೆ ನಾರಿನಂತೆ ಹೊರಬರುತ್ತಿದ್ದಿತು. ಸಾಯಿಸುವ ರೋಗವಲ್ಲ, ಆದರೆ ಸುಗ್ಗಿಯ ಕಾಲಕ್ಕೆ ಸರಿಯಾಗಿ ರೈತನನ್ನು ಮಲಗಿಸುವ ರೋಗ. ಇದಕ್ಕೆ ಔಷಧವಿಲ್ಲ, ಲಸಿಕೆಯಿಲ್ಲ. ಮೆಟ್ಟಿಲಬಾವಿಗೆ ಕಟ್ಟೆ ಕಟ್ಟಿ ಸೇದುವ ಬಾವಿಯಾಗಿ ಮಾಡುವುದು, ನೀರನ್ನು ಬಟ್ಟೆಯಲ್ಲಿ ಸೋಸುವುದು, ಕೈಪಂಪುಗಳನ್ನು ಹಾಕುವುದು, ಇಷ್ಟರಿಂದಲೇ ಅದು ಅಳಿಯಿತು. ಭಾರತದಲ್ಲಿ ಕೊನೆಯ ರೋಗಿಯು ಕಂಡುದು 1996ರಲ್ಲಿ; 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶವು ಈ ರೋಗದಿಂದ ಮುಕ್ತವಾಯಿತೆಂದು ಸಾರಿತು. ಆಸ್ಪತ್ರೆಗಳು ಮಾಡಲಾರದುದನ್ನು ಬಾವಿಯ ಕಟ್ಟೆಗಳು ಮಾಡಿದುವು.

ಬಾವಿಯೆಂದ ಮೇಲೆ ಮತ್ತೊಂದು ಮಾತನ್ನು ಹೇಳದೆ ಬಿಡುವುದು ಅಪ್ರಾಮಾಣಿಕವಾದೀತು. ಊರ ಬಾವಿಯು ಊರಿನ ಎಲ್ಲರದಾಗಿರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರು ಬಾವಿಯ ದೂರದಲ್ಲಿ ಕೊಡವನ್ನಿಟ್ಟು, ಯಾರಾದರೂ ಹೊಯ್ಯುವವರೆಗೆ ಕಾದಿರಬೇಕಾಗಿದ್ದಿತು. ತೆರಿಗೆಯ ಹಣದಿಂದ ತೋಡಿದ ಬಾವಿಗೆ ಒಬ್ಬನನ್ನು ಸೇರಿಸಿ ಇನ್ನೊಬ್ಬನನ್ನು ಬಿಡುವುದು ಹೇಗೆ ಎಂಬ ಪ್ರಶ್ನೆಯು ಊರಾಡಳಿತದ ಸಂಸ್ಥೆಗಳು ಬಂದ ಮೇಲೆ ಹೊಸ ಬಲದಿಂದ ಎದ್ದಿತು. ಮುಂಬಯಿ ಪ್ರಾಂತದ ಮಹಾಡ ಎಂಬ ಸಣ್ಣ ಪಟ್ಟಣದ ಪುರಸಭೆಯು 1924ರಲ್ಲಿ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆಯಬೇಕೆಂದು ಗೊತ್ತುಮಾಡಿದರೂ ಗೊತ್ತುವಳಿಯು ಕಾಗದದಲ್ಲಿಯೇ ಉಳಿಯಿತು. 1927ರ ಮಾರ್ಚ್ 20ರಂದು ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದು ಹೋಗಿ ಆ ಕೆರೆಯ ನೀರನ್ನು ಕುಡಿದರು. 1937ರಲ್ಲಿ ಮುಂಬಯಿಯ ಹೈಕೋರ್ಟು ಅವರ ಪಕ್ಷವನ್ನು ಎತ್ತಿಹಿಡಿಯಿತು. ಪುರಸಭೆಯ ನೀರಿಗೂ ದಾನಿಯ ನೀರಿಗೂ ಇರುವ ಭೇದವು ಇಲ್ಲಿ ಸ್ಪಷ್ಟವಾಗುತ್ತದೆ. ದಾನಿಯ ನೀರನ್ನು ಬೇಡಬೇಕು. ಪುರಸಭೆಯ ನೀರನ್ನು ಕೇಳಬಹುದು. ಹಳೆಯ ಪದ್ಧತಿಯಲ್ಲಿ ನಾವು ಕಾಣುವ ಗುಣಗಳೇನೇ ಇರಲಿ, ಈ ಒಂದು ಗುಣವು ಅದರಲ್ಲಿರಲಿಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದುವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಅದಕ್ಕೆ ಸುಮಾರು ಒಂದು ವರ್ಷದ ಮುಂಚೆ, 1952ರ ಅಕ್ಟೋಬರ್ 2ರಂದು, ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯು ಆರಂಭವಾಗಿದ್ದಿತು. ಬಾವಿ, ರಸ್ತೆ, ಶಾಲೆ ಮೊದಲಾದ ಕೆಲಸಗಳಲ್ಲಿ ಸರ್ಕಾರದ ಹಣದೊಡನೆ ಊರವರ ಹಣವೋ ದುಡಿಮೆಯೋ ಸೇರಬೇಕೆಂಬುದು ಅದರ ನಿಯಮ. ಶ್ರಮದಾನವೆಂಬ ಶಬ್ದವು ಮನೆಮಾತಾದುದು ಆಗಲೇ. ಆಶಯವು ದೊಡ್ಡದು, ಆದರೆ ಯೋಜನೆಯನ್ನು ನಡೆಸಿದವರು ಅಧಿಕಾರಿಗಳೇ ಹೊರತು ಊರಿನ ಪ್ರತಿನಿಧಿಗಳಲ್ಲ. 1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿಯು ಕಂಡುಕೊಂಡ ಮುಖ್ಯ ಕೊರತೆಯು ಇದೇ: ಅಧಿಕಾರವನ್ನು ಕೊಡದೆ ಉತ್ಸಾಹವನ್ನು ಬೇಡಲಾಗದು. ಮುಂದೆ 1980ರ ದಶಕದಲ್ಲಿ ಕರ್ನಾಟಕದ ಮಂತ್ರಿಗಳಾಗಿದ್ದ ಅಬ್ದುಲ್ ನಜೀರ್‌ಸಾಬರು ಈ ಎರಡನ್ನೂ ಕೂಡಿಸಲು ಯತ್ನಿಸಿದರು. ಹಳ್ಳಿಗಳಿಗೆ ಕೊಳವೆ ಬಾವಿಗಳನ್ನು ಕೊಟ್ಟುದರಿಂದ ಜನರು ಅವರನ್ನು ‘ನೀರ್‌ಸಾಬ್’ ಎಂದರು. ಅದೇ ಕೈಯಿಂದ ಅವರು ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರವನ್ನೂ ಕೊಡಿಸಿದರು. ನೀರೂ ಅಧಿಕಾರವೂ ಜೊತೆಯಾಗಿ ಹೋಗಬೇಕೆಂಬುದನ್ನು ಅವರಷ್ಟು ಚೆನ್ನಾಗಿ ಅರಿತವರು ವಿರಳ.

ಕೊಳವೆ ಬಾವಿಯು ವರವಾಗಿಯೇ ಬಂದಿತು. ವರದ ಬೆನ್ನಿಗೇ ಶಾಪವೂ ಬಂದಿತು. ಆಳಕ್ಕೆ ಹೋದಂತೆ ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡು ಹೆಚ್ಚುವುದು. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗೆ ಮೀರಿದರೆ ಹಲ್ಲು ಕಂದಾಗುವುದು. ಇನ್ನೂ ಹೆಚ್ಚಾದರೆ ಮೂಳೆಗಳು ಬಿಗಿದುಕೊಳ್ಳುವುವು. ಮನುಷ್ಯರಲ್ಲಿ ಮೂಳೆಗಳ ಈ ರೋಗವನ್ನು ಭಾರತದಲ್ಲಿ ಮೊದಲು ಗುರುತಿಸಿದುದು 1937ರಲ್ಲಿ, ಅದೇ ಮದರಾಸು ಆಧಿಪತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಕೂಡ್ಲಿಗಿಯ ಸೀಮೆಯೂ ಫ್ಲೋರೈಡಿನ ಪೀಡೆಗೆ ಒಳಗಾದ ಪ್ರದೇಶವೇ. ಮಳೆಯ ನೀರು ಕೆರೆಯಲ್ಲಿ ನಿಂತು ಇಂಗಿದರೆ ಈ ವಿಷವು ತಿಳಿಯಾಗುವುದು. ಕೆರೆ ಹೂಳಿನಿಂದ ತುಂಬಿದರೆ ವಿಷವು ದಟ್ಟವಾಗುವುದು. ಕೆರೆಯ ಲೆಕ್ಕವನ್ನೂ ಬಾವಿಯ ಲೆಕ್ಕವನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಬರೆದವರ ತಪ್ಪಿಗೆ ಮಕ್ಕಳ ಹಲ್ಲುಗಳು ದಂಡ ತೆರುವಂತಾಯಿತು.

ಕೊನೆಯದಾಗಿ ತುಂಗಭದ್ರೆ. ಈ ಹೊಳೆಗೆ ಅಣೆ ಕಟ್ಟುವ ಆಲೋಚನೆಯು 1860ರ ಸುಮಾರಿನದು. ಒಂದು ದಡ ಮದರಾಸಿನವರದು, ಇನ್ನೊಂದು ದಡ ಹೈದರಾಬಾದಿನವರದು. ಗಡಿಯ ದೋಷದಿಂದಾಗಿ ಅಸ್ತಿವಾರದ ಕಲ್ಲು ಬೀಳುವುದಕ್ಕೆ 1945ರ ಫೆಬ್ರವರಿ 28 ಬರಬೇಕಾಯಿತು. ನೀರು ಹರಿದುದು 1953ರಲ್ಲಿ. ಜಲಾಶಯದ ಹಿನ್ನೀರು ಹಡಗಲಿ, ಹಗರಿಬೊಮ್ಮನಹಳ್ಳಿಗಳ ಕಡೆಯ ಅನೇಕ ಊರುಗಳನ್ನು ನುಂಗಿತು. ಆದರೆ ಅದರ ಪೂರ್ಣಮಟ್ಟ ಸಮುದ್ರಕ್ಕಿಂತ 1633 ಅಡಿ ಮಾತ್ರವಾದುದರಿಂದ ಕಾಲುವೆಯ ನೀರು ಪೂರ್ವದ ತಗ್ಗಿನ ನಾಡಿಗೆ ಹರಿಯಿತೇ ಹೊರತು ಕೊಟ್ಟೂರು ಕೂಡ್ಲಿಗಿಗಳ ಎತ್ತರಕ್ಕೆ ಏರಲಿಲ್ಲ. ಏರಿಸಬೇಕಾದರೆ ವಿದ್ಯುತ್ತಿನ ಪಂಪುಗಳು ಬೇಕು. ಕೂಡ್ಲಿಗಿ ಭಾಗದ 74 ಕೆರೆಗಳಿಗೆ ಹೊಳೆಯ ನೀರನ್ನು ಎತ್ತಿ ತುಂಬಿಸುವ ಯೋಜನೆಯು ಈಚಿನ ವರ್ಷಗಳಲ್ಲಿ ರೂಪುಗೊಂಡುದು ಈ ಕಾರಣದಿಂದಲೇ.

ಇದು ಸಂತೋಷಪಡಬೇಕಾದ ಸಂಗತಿ; ಆದರೆ ಎಚ್ಚರದಿಂದಿರಬೇಕಾದ ಸಂಗತಿಯೂ ಹೌದು. ಆ ಮಹಾಜಲಾಶಯವೇ ಹೂಳಿನಿಂದ ಸೊರಗಿದೆ. ಕಟ್ಟಿದಾಗ ಸುಮಾರು 133 ಸಾವಿರ ದಶಲಕ್ಷ ಘನ ಅಡಿ ಹಿಡಿಯುತ್ತಿದ್ದುದು 2016ರ ಅಳತೆಯಲ್ಲಿ ಸುಮಾರು 106ಕ್ಕೆ ಇಳಿದಿದ್ದಿತು. 2024ರ ಆಗಸ್ಟ್ 10ರ ರಾತ್ರಿ ಒಂದು ಸರಪಣಿಯು ತುಂಡಾಗಿ ಅದರ 19ನೆಯ ಗೇಟು ಕೊಚ್ಚಿಹೋದಾಗ, ಮೂರು ರಾಜ್ಯಗಳ ಬೆಳೆಯು ಒಂದು ಸರಪಣಿಯ ಪೋಷಣೆಯನ್ನು ನಂಬಿಕೊಂಡಿದ್ದಿತೆಂಬುದು ಎಲ್ಲರಿಗೂ ತಿಳಿಯಿತು. ದೂರದಿಂದ ಬರುವ ನೀರಿಗೆ ದೂರದ ಅಪಾಯಗಳೂ ಜೊತೆಯಾಗಿ ಬರುವುವು: ಪಂಪು ಕೆಡುವುದು, ವಿದ್ಯುತ್ತು ನಿಲ್ಲುವುದು, ಬಿಲ್ಲು ಪಾವತಿಯಾಗದಿರುವುದು.

ಒಂದು ಲೆಕ್ಕವನ್ನು ನೋಡೋಣ. ತಲೆಗೆ ದಿನಕ್ಕೆ 70 ಲೀಟರಿನಂತೆ ಕೊಟ್ಟರೂ 20,000 ಜನರ ಪಟ್ಟಣಕ್ಕೆ ಪ್ರತಿದಿನವೂ 14 ಲಕ್ಷ ಲೀಟರು ಬೇಕು. ರಥೋತ್ಸವದ ದಿನಗಳ ಮಾತೇ ಬೇರೆ. ಇಷ್ಟು ನೀರನ್ನು ವರ್ಷದ 365 ದಿನವೂ ತಪ್ಪದೆ ಒದಗಿಸುವ ಸಂಸ್ಥೆಯು ಕೇವಲ ಮನೆಗಂದಾಯವನ್ನು ಎತ್ತಿ ಮೇಲಿನವರ ಅನುದಾನಕ್ಕೆ ಕಾಯುವ ಕಚೇರಿಯಾಗಿದ್ದರೆ ಸಾಲದು. ಅದಕ್ಕೆ ತನ್ನ ಕೆರೆಯ ಮೇಲೂ ಬಾವಿಯ ಮೇಲೂ ನಲ್ಲಿಯ ಮೇಲೂ ಒಂದೇ ದೃಷ್ಟಿಯಿರಬೇಕು. ದುರಸ್ತಿಗೆಂದೇ ಮೀಸಲಾದ ಹಣವಿರಬೇಕು. ಆ ಹಣವನ್ನು ಬೇರೆ ಯಾವುದಕ್ಕೂ ಮುಟ್ಟದಂತಹ ನಿಯಮವಿರಬೇಕು. ದಶಬಂಧದ ಗದ್ದೆಯು ಹಿಂದಿನ ಕಾಲದಲ್ಲಿ ಮಾಡಿದ ಕೆಲಸವು ಇದೇ ಅಲ್ಲವೇ? ಗದ್ದೆಯನ್ನು ಇಂದು ಮರಳಿ ಕೊಡಲಾಗದು, ಕೊಡಬೇಕಾಗಿಯೂ ಇಲ್ಲ. ಆದರೆ ಕಾಯುವವನ ಜೀವನವು ಕಾಯಲ್ಪಡುವ ವಸ್ತುವಿನೊಡನೆ ಬೆಸೆದಿರಬೇಕೆಂಬ ಅದರ ತತ್ತ್ವವನ್ನು ಪುರಸಭೆಯ ಲೆಕ್ಕಪುಸ್ತಕದಲ್ಲಿ ಬರೆದುಕೊಳ್ಳಬಹುದು.

ಮಹಾಡದ ಪಾಠವನ್ನೂ ಇದರೊಡನೆ ಸೇರಿಸಿಕೊಳ್ಳಬೇಕು. ಹಳೆಯ ಪದ್ಧತಿಯು ನೀರನ್ನು ಕಾಯುವುದನ್ನು ಕಲಿಸಿತು; ಹೊಸ ಪದ್ಧತಿಯು ಎಲ್ಲರಿಗೂ ಹಂಚುವುದನ್ನು ಕಲಿಸಿತು. ಒಂದನ್ನು ಹಿಡಿದು ಮತ್ತೊಂದನ್ನು ಬಿಟ್ಟ ಊರಿನಲ್ಲಿ ನೀರು ಇದ್ದರೂ ಇಲ್ಲದಂತೆಯೇ. ಕೊಟ್ಟೂರಿನ ಸೀಮೆಯು ಎರಡು ನೂರು ವರ್ಷಗಳಲ್ಲಿ ನಿಜಾಮನ ಕೈಯಿಂದ ಕಂಪೆನಿಗೆ, ಮದರಾಸಿನಿಂದ ಮೈಸೂರಿಗೆ, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಗೆ ಹೀಗೆ ಹಲವು ಬಾರಿ ಒಡೆಯರನ್ನು ಬದಲಾಯಿಸಿದೆ. ನೆರೆಯ ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿ ಬಂದಿತು. ಇಷ್ಟೆಲ್ಲ ಬದಲಾವಣೆಗಳ ನಡುವೆ ಸ್ಥಳವನ್ನು ಬಿಟ್ಟು ಕದಲದೆ ಉಳಿದವರು ಊರವರು ಮಾತ್ರ. ಆದುದರಿಂದ ನೀರಿನ ಹೊಣೆ ಯಾರದೆಂಬ ಪ್ರಶ್ನೆಗೆ ಇತಿಹಾಸವು ಕೊಡುವ ಉತ್ತರವು ಸರಳವಾಗಿದೆ. ಹಣವು ಎಲ್ಲಿಂದಲಾದರೂ ಬರಲಿ, ಹೊಳೆಯು ಎಲ್ಲಿಂದಲಾದರೂ ಹರಿಯಲಿ. ಬೀಗದ ಕೈಯೂ ಲೆಕ್ಕದ ಪುಸ್ತಕವೂ ಊರಲ್ಲಿಯೇ ಇರಬೇಕು, ಮತ್ತು ಆ ಪುಸ್ತಕವನ್ನು ಕೇಳಿ ನೋಡುವ ಹಕ್ಕು ಊರಿನ ಪ್ರತಿಯೊಂದು ಮನೆಗೂ ಇರಬೇಕು.